ಊಟಕ್ಕೆ ಎದುರು ಕೂತಷ್ಟು ದೂರ

ಜನವರಿಯ ಬೆಳಗು. ದೆಹಲಿಯ ಪೂರ್ವದ ಅಂಚಿನಲ್ಲಿರುವ ಒಂದು ಸರ್ಕಾರಿ ಶವಾಗಾರದ ಹಿಂಬಾಗಿಲಲ್ಲಿ ಮಂಜು ಎಷ್ಟು ದಟ್ಟವಾಗಿದೆಯೆಂದರೆ ಎದುರಿಗೆ ನಿಂತ ಆಂಬುಲೆನ್ಸ್ ಕಾಣುವುದಿಲ್ಲ, ಅದರ ಚಾಲಕ ಕೆಮ್ಮುವುದು ಮಾತ್ರ ಕೇಳುತ್ತದೆ. ಒಳಗಿನ ಇಕ್ಕಟ್ಟಾದ ಕೋಣೆಯಲ್ಲಿ ಮಾಚಮ್ಮನವರು ಬಿಸಿನೀರಿನ ಬಟ್ಟೆ ಹಿಂಡಿ ಒಬ್ಬ ಯುವಕನ ಮುಖ ಒರೆಸುತ್ತಿದ್ದಾರೆ. ಹಣೆ, ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂದೆ. ಶಾಲೆಗೆ ಹೊರಟ ಮಗುವಿನ ಮುಖ ಒರೆಸುವ ತಾಯಿಯ ಗಡಿಬಿಡಿ, ಅಷ್ಟೇ ಒರಟು. ಆಮೇಲೆ ಸ್ವೆಟರಿನ ಜೇಬಿನಿಂದ ಬಾಚಣಿಗೆ ತೆಗೆಯುತ್ತಾರೆ. ಬೈತಲೆ ಯಾವ ಕಡೆ ಎಂದು ಒಂದು ಗಳಿಗೆ ಯೋಚಿಸಿ, ಕೂದಲು ತಾನಾಗಿ ಬೀಳುವ ಕಡೆಗೇ ಬಿಡುತ್ತಾರೆ.

"ಹೆಸರಂತೂ ಗೊತ್ತಿಲ್ಲ. ಬೈತಲೆಯಾದರೂ ಅವನದೇ ಇರಲಿ" ಎನ್ನುತ್ತಾರೆ.

ಯುವಕ ಸಿಕ್ಕಿದ್ದು ಮೊನ್ನೆ ಮಧ್ಯಾಹ್ನ, ಒಂದು ಫ್ಲೈಓವರಿನ ಕೆಳಗೆ; ಇಲ್ಲಿಗೆ ತಲುಪಿದ್ದು ನಿನ್ನೆ ರಾತ್ರಿ. ಮೈಮೇಲೆ ಗಾಯವಿಲ್ಲ. ಬೆನ್ನಿಗಂಟಿದ ಹೊಟ್ಟೆ, ಮೇಲಿಂದ ಈ ಚಳಿ. ಜೇಬಿನಲ್ಲಿ ಗುರುತಿನ ಚೀಟಿಯಾಗಲೀ ಫೋನಾಗಲೀ ಇಲ್ಲ. ಸ್ಥಳಕ್ಕೆ ಬಂದ ಪೇದೆ ತನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿದ್ದಾನೆ. ಸರಿಯಾದ ಫೋಟೋ ಇನ್ನು ಮಾಚಮ್ಮನವರು ತೆಗೆಯಬೇಕು. ಅವರು ಕಬ್ಬಿಣದ ಎರಡು ಮೆಟ್ಟಿಲ ಸ್ಟೂಲು ಹತ್ತಿ, ಕ್ಯಾಮೆರಾವನ್ನು ಕೆಳಮುಖವಾಗಿ ಹಿಡಿದು ಗುಂಡಿ ಒತ್ತುತ್ತಾರೆ. ಲೆನ್ಸಿನೊಳಗೆ ಕಾಫಿಪುಡಿ ಯಂತ್ರದಲ್ಲಿ ಕಲ್ಲು ಸಿಕ್ಕಿದಂಥ ಸದ್ದು. ಮುಖ ಮಸುಕಾಗಿಯೇ ಉಳಿಯುತ್ತದೆ. ಮತ್ತೊಮ್ಮೆ ಒತ್ತಿದರೂ ಅದೇ ಸದ್ದು. ನಿನ್ನೆ ಇದೇ ಸ್ಟೂಲಿನಿಂದ ಇಳಿಯುವಾಗ ಕಾಲು ಜಾರಿ ಕ್ಯಾಮೆರಾ ಸಿಮೆಂಟು ನೆಲಕ್ಕೆ ಬಿದ್ದಿತ್ತು. ಕ್ಯಾಮೆರಾ ಉಳಿದಿದೆ, ಲೆನ್ಸ್ ಹೋಗಿದೆ.

"ಥತ್" ಎಂದು ಅವರು ಸ್ಟೂಲಿನ ಮೇಲೇ ಕುಳಿತುಬಿಡುತ್ತಾರೆ. ಆ ಕೋಣೆಯಲ್ಲಿ ಅವರು ಬೇಸರ ತೋರಿಸಿದ್ದು ನಾನು ಕಂಡದ್ದು ಅದೊಂದೇ ಸಲ.

ನಮ್ಮ ಪತ್ರಿಕೆಯ ಪುರವಣಿಗೆ ಯಾರಾದರೂ ಎಲೆಮರೆಯ ಕಾಯಿಯನ್ನು ಹುಡುಕಿ ಬರೆಯಿರಿ, ಆದರೆ ಓದುಗರ ಭಾನುವಾರದ ಕಾಫಿ ಕಹಿಯಾಗದ ಹಾಗಿರಲಿ ಎಂದು ಸಂಪಾದಕರು ಹೇಳಿದ್ದರು. ಅದು ನನ್ನಿಂದ ಆಗುವುದಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಮಾಚಮ್ಮ ಗುರುತು ಸಿಗದ ಹೆಣಗಳ ಫೋಟೋ ತೆಗೆಯುವವರು. ಈ ಊರಿನಲ್ಲಿ ಸಾವಿರಾರು ಜನ ಹೆಸರಿಲ್ಲದೆ ಬದುಕುತ್ತಾರೆ, ಹೆಸರಿಲ್ಲದೆ ಸಾಯುವವರೂ ಕಡಿಮೆಯಿಲ್ಲ. ಅವರ ಮನೆಯವರು ಬಂದು "ಹೌದು, ಇವನು ನಮ್ಮವನು" ಎಂದು ಹೇಳುವುದಕ್ಕೆ ಉಳಿಯುವ ದಾರಿ ಒಂದು ಫೋಟೋ. ಕಾಯುವ ಮೂರು ದಿನದ ಅವಧಿಯೊಳಗೆ ಯಾರೂ ಹಾಗೆ ಹೇಳದಿದ್ದರೆ ಸರ್ಕಾರಿ ಖರ್ಚಿನಲ್ಲಿ ದಹನವಾಗುತ್ತದೆ. ಬೇಸಿಗೆಯಲ್ಲಿ ಮಾಚಮ್ಮನವರಿಗೆ ದಿನಕ್ಕೊಂದೋ ಎರಡೋ ಮುಖ ಇರುತ್ತವೆ. ಇಂಥ ಚಳಿಯಲ್ಲಿ ಮೂರು ನಾಲ್ಕು, ಒಮ್ಮೊಮ್ಮೆ ಇನ್ನೂ ಹೆಚ್ಚು.

ಕೊಡಗಿನ ಹೆಣ್ಣುಮಗಳು ಈ ಕೆಲಸಕ್ಕೆ ಬಂದದ್ದು ಗಂಡನ ಜಾಡು ಹಿಡಿದು. ಪೊನ್ನಣ್ಣನವರು ವಾಯುಪಡೆಯಲ್ಲಿ ಫೋಟೋ ವಿಭಾಗದಲ್ಲಿದ್ದವರು. ನಿವೃತ್ತಿಯಾದ ಮೇಲೆ ಘಾಜಿಯಾಬಾದಿನಲ್ಲೊಂದು ಫ್ಲಾಟು ಕೊಂಡು, ಲಕ್ಷ್ಮೀ ನಗರದಲ್ಲಿ ಸಣ್ಣ ಸ್ಟುಡಿಯೋ ತೆರೆದರು. ಕೋಚಿಂಗಿಗೆ ಬಂದ ಮಕ್ಕಳಿಗೆ ಪರೀಕ್ಷೆಯ ಅರ್ಜಿಗೆ ಅಂಟಿಸುವ ಫೋಟೋ ತೆಗೆದುಕೊಡುವುದೇ ಮುಖ್ಯ ವ್ಯಾಪಾರ. ಶವಾಗಾರದ ಕೆಲಸ ಗುತ್ತಿಗೆಯ ಮೇಲೆ ಸಿಕ್ಕಿತು. ಬೇರೆ ಯಾರೂ ಬೇಡವೆಂದದ್ದಕ್ಕೆ ಸಿಕ್ಕಿತು ಎಂದರೂ ಸರಿಯೇ. ಅವರು ಬೆಳಿಗ್ಗೆ ಅಲ್ಲಿಗೆ ಹೋದಾಗ ಸ್ಟುಡಿಯೋ ನೋಡಿಕೊಳ್ಳುತ್ತಿದ್ದ ಮಾಚಮ್ಮ ಕ್ಯಾಮೆರಾ ಕಲಿತರು. ಪೊನ್ನಣ್ಣನವರು ತೀರಿಕೊಂಡ ಮೇಲೆ, ಸೂತಕ ಕಳೆದ ಮಾರನೆಯ ದಿನ ಶವಾಗಾರದ ಬಾಗಿಲಿಗೆ ತಾವೇ ಬಂದು ನಿಂತರು.

"ನಮ್ಮ ಕಡೆ ಯಾರಾದರೂ ಸತ್ತರೆ ಕೋವಿಯಿಂದ ಎರಡು ಗುಂಡು ಹಾರಿಸ್ತಾರೆ. ಊರಿಗೆಲ್ಲ ಗೊತ್ತಾಗುತ್ತೆ, ಕೆಲಸ ಬಿಟ್ಟು ಓಡಿ ಬರ್ತಾರೆ. ನಮ್ಮ ಮನೆಯವರು ಹೋದಾಗ ಈ ಫ್ಲಾಟಿನಲ್ಲಿ ಯಾರು ಹಾರಿಸಬೇಕು? ಪಕ್ಕದ ಮನೆಯವರಿಗೇ ಸಂಜೆ ಗೊತ್ತಾಯಿತು. ಇಲ್ಲಿ ಮಲಗಿರೋರಿಗಂತೂ ಅದೂ ಇಲ್ಲ. ನಾನು ಒಬ್ಬೊಬ್ಬರದ್ದೂ ಎರಡು ಫೋಟೋ ತೆಗೀತೇನೆ. ಒಂದು ಎದುರಿಂದ, ಒಂದು ಕಿವಿ ಕಾಣೋ ಹಾಗೆ ಪಕ್ಕದಿಂದ. ಪೊಲೀಸರು ಕೇಳೋದು ಒಂದೇ. ಎರಡನೇದು ನನ್ನ ಲೆಕ್ಕ."

ಮಗಳು ಅದಿತಿ ಗುರುಗ್ರಾಮದಲ್ಲಿ ದೊಡ್ಡ ಕಂಪನಿಯೊಂದರಲ್ಲಿದ್ದಾಳೆ. ದೆಹಲಿಯಲ್ಲೇ ಬೆಳೆದವಳು. ತಾಯಿಯ ಕೆಲಸದ ಬಗ್ಗೆ ಸಹೋದ್ಯೋಗಿಗಳು ಕೇಳಿದರೆ "ಮೆಡಿಕಲ್ ಫೋಟೋಗ್ರಫಿ" ಎನ್ನುತ್ತಾಳಂತೆ. ನಾನಿದ್ದಾಗಲೇ ಒಮ್ಮೆ ಫೋನು ಬಂತು. "ಮಮ್ಮಾ, ಅಬ್ ಬಸ್ ಕರೋ ನಾ, ಸಾಕು ಮಾಡು. ಇಷ್ಟು ಚಳೀಲಿ ಯಾಕೆ ಹೋಗೋದು? ಯು ಡೋಂಟ್ ಹ್ಯಾವ್ ಟು." ಮಾಚಮ್ಮ "ಅಚ್ಛಾ, ಅಚ್ಛಾ" ಎಂದು ಫೋನಿಟ್ಟು ನನ್ನ ಕಡೆ ನೋಡಿ ನಕ್ಕರು. ಅಚ್ಛಾ ಎಂದರೆ ಆಯಿತು ಎಂದಲ್ಲ, ಕೇಳಿಸಿತು ಎಂದಷ್ಟೇ.

ಲೆನ್ಸ್ ಕೆಟ್ಟರೆ ಏನಂತೆ, ಹೇಗೂ ಪೇದೆಯ ಮೊಬೈಲ್ ಫೋಟೋ ಇದೆಯಲ್ಲ ಎಂದು ನಾನು ಕೇಳಿದೆ. ಕೇಳಬಾರದಿತ್ತು. ಅವರು ನನ್ನ ಮೊಬೈಲನ್ನೇ ಕಿತ್ತುಕೊಂಡು, ನನ್ನ ಮೂಗಿನ ಮುಂದೆ ಗೇಣಿನಷ್ಟು ದೂರದಲ್ಲಿ ಹಿಡಿದು ಒಂದು ಫೋಟೋ ಹೊಡೆದು ತೋರಿಸಿದರು. ಬದನೆಕಾಯಿಯಂಥ ಮೂಗು, ಒಳಕ್ಕೆ ಸರಿದ ಕಣ್ಣು, ಕಿವಿಗಳು ಇದ್ದೂ ಇಲ್ಲ.

"ಇದು ನೀವಾ? ಪೇದೆಗಳು ಹೀಗೇ ತೆಗೆಯೋದು. ವಾಸನೆಗೆ ಉಸಿರು ಕಟ್ಟಿ ಬಗ್ಗುತ್ತಾರೆ, ಹತ್ತಿರದಿಂದ ಒಂದು ಹೊಡೀತಾರೆ, ಓಡುತ್ತಾರೆ. ಮೇಲಿಂದ ಫ್ಲಾಶ್ ಬೇರೆ. ಚರ್ಮ ಮೇಣದ ಹಾಗೆ ಹೊಳೆಯುತ್ತೆ. ನಮ್ಮ ಮನೆಯವರು ಹೇಳ್ತಿದ್ದರು, ಮನೆಯವರು ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡೋದು ಊಟಕ್ಕೆ ಎದುರು ಕೂತಾಗ. ಅಷ್ಟು ದೂರದಿಂದ ತೆಗೆದರೆ ಗುರುತು ಸಿಗುತ್ತೆ. ಮುತ್ತು ಕೊಡೋವಷ್ಟು ಹತ್ತಿರದಿಂದ ತೆಗೆದರೆ ಹೆತ್ತ ತಾಯಿಗೂ ಸಿಗಲ್ಲ."

ಹಾಗಾದರೆ ಮೊಬೈಲನ್ನೇ ದೂರದಿಂದ ಹಿಡಿದರಾಗದೇ? ಅದನ್ನೂ ಅವರು ಆ ಬೆಳಿಗ್ಗೆ ಮಾಡಿ ನೋಡಿದರು. ಸ್ಟೂಲಿನ ಮೇಲಿಂದ ತಮ್ಮ ಹಳೆಯ ಮೊಬೈಲಿನಲ್ಲೂ ನನ್ನದರಲ್ಲೂ ತೆಗೆದು, ಮುಖವನ್ನು ಹಿಗ್ಗಿಸಿ ನೋಡಿದರು. ಆ ಮಂಕು ಟ್ಯೂಬ್‌ಲೈಟಿನಲ್ಲಿ ಬಂದದ್ದು ಮುಖವಲ್ಲ, ತಟ್ಟೆಯಲ್ಲಿ ಹರಡಿದ ರವೆ. ಸ್ಟುಡಿಯೋಗೂ ಇದೊಂದೇ ಕ್ಯಾಮೆರಾ, ಅದರ ಜೊತೆಗೆ ಬಂದಿದ್ದ ಜೂಮ್ ಲೆನ್ಸು ಬೂಷ್ಟು ಹಿಡಿದು ಎಂದೋ ಮೂಲೆ ಸೇರಿದೆ. ಆ ಯುವಕನನ್ನು ಒಳಗಿನ ಶೈತ್ಯಕೋಣೆಗೆ ಸರಿಸುತ್ತ ಶವಾಗಾರದ ನೌಕರ ಕಿಶನ್, "ನಾಳೆ ಮಧ್ಯಾಹ್ನಕ್ಕೆ ಇವನ ಅವಧಿ ಮುಗೀತು, ಆಂಟೀಜೀ" ಎಂದ. ಅಲ್ಲಿಯವರೆಗೆ ಇವನ ಹೆಸರು ಹೇಳಲು ಇರುವುದು ಪೇದೆಯ ಆ ಫೋಟೋ ಮಾತ್ರ.

ಬಿಸಿಲು ಮೂಡುವ ಹೊತ್ತಿಗೆ ಈಶ್ವರಪ್ಪ ಬಂದರು.

ರಾಣೆಬೆನ್ನೂರು ಕಡೆಯವರು. ರೋಹಿಣಿಯ ಒಂದು ಮೆಸ್ಸಿನಲ್ಲಿ ಅಡುಗೆ ಕೆಲಸ. ತಮ್ಮ ಆದರ್ಶನನ್ನೂ ಊರಿನಿಂದ ಕರೆತಂದು ಅಲ್ಲೇ ಕೆಲಸಕ್ಕೆ ಹಚ್ಚಿದ್ದರು. ದಸರೆಯ ಹೊತ್ತಿನಲ್ಲಿ ಒಂದು ದಿನ ಸಾರು ತಳ ಹಿಡಿಯಿತು. ಗಿರಾಕಿಗಳ ಎದುರಿಗೇ ಅಣ್ಣ ತಮ್ಮನಿಗೆ ಕೈ ಮಾಡಿದರು. ಆ ಮಧ್ಯಾಹ್ನ ಇಬ್ಬರೂ ಎಂದಿನಂತೆ ಎದುರುಬದುರು ಊಟಕ್ಕೆ ಕೂತಾಗ, ತಮ್ಮ ಕಲಸಿದ ಅನ್ನವನ್ನು ತಾಟಿನಲ್ಲೇ ಬಿಟ್ಟು ಎದ್ದು ಹೋದವನು ಮರಳಲಿಲ್ಲ. ಠಾಣೆಯಿಂದ ಠಾಣೆಗೆ ಅಲೆದು, "ಅಲ್ಲೂ ಒಂದು ಸಲ ನೋಡಿ" ಎಂದು ಯಾರೋ ಅಂದದ್ದಕ್ಕೆ ಇಲ್ಲಿಗೆ ಬಂದಿದ್ದಾರೆ. ಹಿಂದಿ ತಡವರಿಸುತ್ತಿದ್ದವರು ಮಾಚಮ್ಮ ಕನ್ನಡದಲ್ಲಿ ಮಾತಾಡಿಸಿದ ಕೂಡಲೇ ಗೋಡೆಗೆ ಒರಗಿಬಿಟ್ಟರು.

ಕಿಟಕಿಯ ಬಳಿ ಕೂತಿದ್ದ ಪೊಲೀಸಿನವನು ಪೇದೆ ತೆಗೆದ ಫೋಟೋವನ್ನು ಮೇಜಿನ ಮೇಲಿಟ್ಟು ತೋರಿಸಿದ. ಈಶ್ವರಪ್ಪ ಅದನ್ನು ನೋಡಿದ್ದಕ್ಕಿಂತ ಅದರ ಸುತ್ತಲಿನ ಮೇಜನ್ನು ನೋಡಿದ್ದೇ ಹೆಚ್ಚು.

"ಅಲ್ರೀ. ಇಂವ ನಮ್ಮಾಂವ ಅಲ್ಲ. ನಮ್ಮ ಆದರ್ಶನ ಮೂಗು ಹಿಂಗಿಲ್ಲ. ಅಂವಗ ಗಡ್ಡನೂ ಇಲ್ರೀ."

"ಫೋಟೋ ಇನ್ನೊಮ್ಮೆ ಸರಿಯಾಗಿ ನೋಡ್ತೀರಾ?" ಎಂದು ಮಾಚಮ್ಮ ಕೇಳಿದರು.

"ನಮ್ಮಾಂವ ಅಲ್ಲಂದ ಮ್ಯಾಲೆ ಯಾಕ ನೋಡ್ಲ್ರೀ ಅಕ್ಕಾರ?"

ಪೊಲೀಸಿನವನು ಅಲ್ಲವೆಂದು ಬರೆದುಕೊಂಡ. ಅಲ್ಲಿಗೆ ಆ ಕೆಲಸ ಮುಗಿಯಿತು. ಮುಗಿಯಬೇಕಿತ್ತು. ಆದರೆ ಈಶ್ವರಪ್ಪ ಹೋಗಲಿಲ್ಲ. ಹೊರಗಿನ ಬೇವಿನ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ, ಮಫ್ಲರಿನಲ್ಲಿ ಬಾಯಿ ಮುಚ್ಚಿಕೊಂಡು ಕೂತರು. ಮಾಚಮ್ಮ ಕಿಟಕಿಯಿಂದ ಅವರನ್ನೇ ನೋಡುತ್ತಿದ್ದರು.

"ನಿಜವಾಗಿ ಅಲ್ಲದವರು ಒಂದು ದೊಡ್ಡ ಉಸಿರು ಬಿಡ್ತಾರೆ. ದೇವರಿಗೆ ಕೈ ಮುಗೀತಾರೆ. ಇಲ್ಲಿಂದ ಯಾವಾಗ ಹೊರಗೆ ಬಿದ್ದೇವೋ ಅಂತ ಓಡ್ತಾರೆ, ಮುಂದಿನ ಆಸ್ಪತ್ರೆ ಎಲ್ಲಿದೆ ಅಂತ ಕೇಳ್ತಾರೆ. ಇವರು ಏನೂ ಕೇಳಲಿಲ್ಲ, ಕೂತುಬಿಟ್ಟರು" ಎಂದರು. ಕಿಟಕಿಯಿಂದ ಕಣ್ಣು ತೆಗೆಯದೆಯೇ, "ಅಲ್ಲ ಅನ್ನೋಕೆ ಮನುಷ್ಯನಿಗೆ ಒಂದು ನೆಪ ಸಾಕು. ಕೆಟ್ಟ ಫೋಟೋಗಿಂತ ಒಳ್ಳೆ ನೆಪ ಯಾವುದಿದೆ?" ಎಂದರು.

ಕೈ ಹಿಡಿದು ಒಳಗೆ ಕರೆದುಕೊಂಡು ಹೋದರೆ ಮುಗಿಯಲಿಲ್ಲವೇ ಎಂದರೆ ಅವರು ಒಪ್ಪುವುದಿಲ್ಲ. "ಬೇರೆ ಯಾರೋ ಆಗಿದ್ದರೆ? ಸುಮ್ಮನೆ ಒಬ್ಬರ ಹೆಣ ನೋಡಿದ ಪಾಪಕ್ಕೆ ಜೀವಮಾನ ಪೂರ್ತಿ ಆ ಮುಖ ಬೆನ್ನು ಬಿಡಲ್ಲ. ಮೊದಲು ಫೋಟೋ, ಆಮೇಲೆ ಬಾಗಿಲು. ನಮ್ಮ ಮನೆಯವರು ಹಾಕಿದ ಪದ್ಧತಿ ಅದು." ಬೆಂಚಿನ ಹತ್ತಿರ ಹೋಗಿ ಈಶ್ವರಪ್ಪನವರಿಗೆ ಏನೋ ಹೇಳಿ ಬಂದರು. ನಾಳೆ ಬೆಳಿಗ್ಗೆ ಇನ್ನೊಂದು ಸಲ ಬನ್ನಿ, ಸರಿಯಾದ ಫೋಟೋ ಇರುತ್ತೆ ಎಂದಿರಬೇಕು. ಆತ ಮಫ್ಲರನ್ನು ಇನ್ನಷ್ಟು ಬಿಗಿದುಕೊಂಡರು. ಮಾಚಮ್ಮ ಶಾಲು ಹೊದ್ದು ಮೆಟ್ರೋ ಹತ್ತಿದರು. ನಾನು ಹಿಂದೆಯೇ ಓಡಿದೆ.

ಚಾಂದನಿ ಚೌಕದ ಕ್ಯಾಮೆರಾ ಗಲ್ಲಿಯಲ್ಲಿ ಬಿಸಿಲು ನೆಲಕ್ಕೆ ಬೀಳುವುದಿಲ್ಲ. ಮೇಲೆ ವಿದ್ಯುತ್ ತಂತಿಗಳ ಚಪ್ಪರ, ಕೆಳಗೆ ಮದುವೆ ಫೋಟೋಗ್ರಾಫರುಗಳ ನೂಕುನುಗ್ಗಲು. ಇದು ಮದುವೆಯ ಕಾಲ. ಎಲ್ಲರೂ ವಧುವಿನ ಕಣ್ಣಿಗೆ, ವರನ ಪೇಟಕ್ಕೆ ಲೆನ್ಸ್ ಹುಡುಕುತ್ತಿದ್ದಾರೆ. ಮಾಚಮ್ಮನವರ ಪರಿಚಯದ ಅಂಗಡಿ ಒಬ್ಬ ಮುದಿ ಸರ್ದಾರ್‌ಜಿಯದ್ದು. ಪೊನ್ನಣ್ಣನವರೂ ಇಲ್ಲಿಯೇ ಕೊಳ್ಳುತ್ತಿದ್ದರು. ಕೆಟ್ಟ ಲೆನ್ಸನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸರ್ದಾರ್‌ಜಿ ತಲೆಯಾಡಿಸಿದರು. ರಿಪೇರಿಯ ಮಾತು ಬೇಡ ಎಂದರು. ಆಮೇಲೆ ಗಾಜಿನ ಕಪಾಟಿನಿಂದ ದಪ್ಪನೆಯ ಒಂದು ಲೆನ್ಸನ್ನು ಎರಡೂ ಕೈಯಲ್ಲಿ ತೆಗೆದು ಮುಖಮಲ್ಲಿನ ಬಟ್ಟೆಯ ಮೇಲಿಟ್ಟರು.

"ಏಯ್ಟಿಫೈವ್ ಎಂ.ಎಂ. ಮುಖದ ಫೋಟೋ, ಪೋರ್ಟ್ರೇಟ್ ಅಂದರೆ ಇದೇ, ಬೆಹನ್‌ಜೀ. ಸೆಕೆಂಡ್ ಹ್ಯಾಂಡ್, ಆದರೆ ಗಾಜು ಕನ್ನಡಿಯ ಹಾಗಿದೆ. ಮುಖದ ಹಿಂದಿನದೆಲ್ಲ ಬೆಣ್ಣೆಯ ಹಾಗೆ ಕರಗಿಹೋಗುತ್ತೆ."

"ನನಗೆ ಏನೂ ಕರಗಬಾರದು, ಭಯ್ಯಾ. ಕಿವಿ ಬೇಕು, ಮಚ್ಚೆ ಬೇಕು."

ಸರ್ದಾರ್‌ಜಿಗೆ ಅವರ ಕೆಲಸ ಏನೆಂದು ಗೊತ್ತು. ಬೆಳಕಿನ ಕಿಂಡಿಯನ್ನು ಕಿರಿದು ಮಾಡಿಕೊಂಡರೆ ಮೂಗಿನಿಂದ ಕಿವಿಯವರೆಗೂ ಸ್ಪಷ್ಟವಾಗುತ್ತದೆ, ಅದೇನೂ ತೊಂದರೆಯಿಲ್ಲ ಎಂದು ಅವರೇ ತಿರುಗಿಸಿ ತೋರಿಸಿದರು. ಕಿರಿದು ಮಾಡಿದಾಗ ಬೆಳಕು ಸಾಲುವುದಿಲ್ಲವಲ್ಲ ಎಂದು ನಾನು ನನ್ನ ಅರೆಬರೆ ಜ್ಞಾನ ತೋರಿಸಿದೆ. ಆಗ ನಿಧಾನವಾಗಿ ತೆಗೆಯಬೇಕು, ಎದುರಿನವರು ಅಲುಗಾಡದಿದ್ದರಾಯಿತು ಎಂದರು ಸರ್ದಾರ್‌ಜಿ. ಹೇಳಿದ ಮೇಲೆ ತಮಗೇ ಏನನ್ನಿಸಿತೋ, ಗಡ್ಡ ಸವರಿಕೊಂಡು ಲೆನ್ಸಿನ ಮುಚ್ಚಳ ಒರೆಸತೊಡಗಿದರು.

ಲೆನ್ಸನ್ನು ಹೇಗೆ ಪರೀಕ್ಷಿಸಬೇಕು? ಮದುವೆಯವರು ಗಲ್ಲಿಯಲ್ಲಿ ಹೋಗುವವರ ಮೇಲೆ ಪರೀಕ್ಷಿಸುತ್ತಾರೆ. ಮಾಚಮ್ಮ ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ, ತಾವು ಎದುರಿಗೆ, ನಡುವೆ ಎರಡು ಎಲೆ ಹಾಕಬಹುದಾದಷ್ಟು ಜಾಗ ಬಿಟ್ಟು ಕೂತರು.

"ಕಣ್ಣು ಮುಚ್ಚಿ" ಎಂದರು. ಮುಚ್ಚಿದೆ. "ನಗಬೇಡಿ. ಗಲ್ಲ ಸಡಿಲ ಬಿಡಿ. ಉಸಿರು ಹಿಡಿಯಿರಿ."

ಆ ಕತ್ತಲೆಯಲ್ಲಿ ಕೂತ ಕೆಲವು ಕ್ಷಣ ನನಗೆ ಹೆದರಿಕೆಯಾಯಿತು. ಇದನ್ನು ಬರೆಯಲು ಸಂಕೋಚವಿಲ್ಲ. ಗಲ್ಲಿಯ ಗದ್ದಲ ದೂರವಾದಂತಾಗಿ, ನನ್ನನ್ನು ನೋಡಲು ಯಾರು ಬರಬಹುದು, ನೋಡಿ ಏನು ಹೇಳಬಹುದು ಎಂದೆಲ್ಲ ಮನಸ್ಸು ಓಡಿತು. ಕಣ್ಣು ಬಿಟ್ಟಾಗ ಮಾಚಮ್ಮ ಆಗಲೇ ಕ್ಯಾಮೆರಾದ ಪರದೆ ನೋಡುತ್ತಿದ್ದರು.

ಎಂಬತ್ತೈದರ ಲೆನ್ಸಿನಲ್ಲಿ ನಾನು ಬಲು ಚೆಲುವನಾಗಿ ಬಂದಿದ್ದೆ. ಕೆನ್ನೆ ನುಣುಪು, ಮೂಗು ನೇರ. ಇದನ್ನು ನನಗೆ ಕಳಿಸಿಕೊಡಿ ಎಂದೆ. ಆದರೆ ಅವರಿಗೆ ಬೇಕಾದಷ್ಟು ಬಂದಿರಲಿಲ್ಲ. ಮುಖ ಚೌಕಟ್ಟನ್ನು ತುಂಬಿತ್ತು, ಕತ್ತು ಭುಜ ಹೊರಗುಳಿದಿದ್ದವು. ಕತ್ತಿನ ತಾಯತ, ಅಂಗಿಯ ಕಾಲರು ನೋಡಿ ಗುರುತು ಹಿಡಿಯುವವರೇ ಎಷ್ಟೋ ಮಂದಿ. ಹಿಂದೆ ಸರಿಯಲು ಹೋದ ಮಾಚಮ್ಮನವರ ಬೆನ್ನಿಗೆ ಗಾಜಿನ ಕಪಾಟು ತಗುಲಿತು.

"ನನ್ನ ಕೋಣೆ ನಿಮ್ಮ ಅಂಗಡಿಗಿಂತ ಚಿಕ್ಕದು, ಭಯ್ಯಾ. ಇದನ್ನು ಹಾಕಿದರೆ ನಾನು ಚಾವಣಿಗೆ ನೇತುಬೀಳಬೇಕು."

ಸರ್ದಾರ್‌ಜಿ ನಕ್ಕು, ಹಾಗಾದರೆ ನಿಮ್ಮ ಹಳೆಯದರ ಅಣ್ಣನನ್ನೇ ಕೊಡುತ್ತೇನೆ ಎಂದು ಅಷ್ಟೇ ದೂರದಿಂದ ಕತ್ತು ಭುಜವೂ ಹಿಡಿಯುವ ಐವತ್ತರ ಸಣ್ಣ ಲೆನ್ಸೊಂದನ್ನು ಹುಡುಕಿ ತೆಗೆದರು. ಅಂಗೈಯಲ್ಲಿ ಮುಚ್ಚಬಹುದಾದಷ್ಟೇ ಗಾತ್ರ. ಮತ್ತೆ ಕಣ್ಣು ಮುಚ್ಚಿದೆ, ಮತ್ತೆ ಉಸಿರು ಹಿಡಿದೆ. ಈ ಸಲ ಬಂದದ್ದು ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಕಾಣುವ ಅದೇ ದಣಿದ ಮುಖ. ಹಣೆಯ ಗೆರೆ, ಕಿವಿಯ ಮೇಲೆ ಉಳಿದ ಸೋಪಿನ ಕಲೆ, ಭುಜದ ಮೇಲೆ ಸ್ವೆಟರಿನ ಬಿಚ್ಚಿದ ಎಳೆ. ಮೊದಲಿನದೇ ಚೆನ್ನಾಗಿತ್ತು ಎಂದು ಗೊಣಗಿದೆ.

"ನಿಮಗೆ ಅದು, ಅವರಿಗೆ ಇದು" ಎಂದರು ಮಾಚಮ್ಮ. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ. ಹೆಗ್ಗಣವನ್ನು ಹೆಗ್ಗಣದ ಹಾಗೇ ತೆಗೆದುಕೊಡಬೇಕು. ಮೊಲ ಮಾಡಿಕೊಟ್ಟರೆ ಹೆತ್ತವರೇ ನಮ್ಮದಲ್ಲ ಅಂತಾರೆ."

ಅಂಗಡಿಯಿಂದ ಹೊರಬಂದು ಮೆಟ್ರೋ ಮೆಟ್ಟಿಲು ಇಳಿಯುವಾಗ ಅವರು ಲೆನ್ಸಿನ ಪೊಟ್ಟಣವನ್ನು ಸ್ವೆಟರಿನ ಒಳಗೆ, ಹೊಟ್ಟೆಗೆ ಒತ್ತಿ ಇಟ್ಟುಕೊಂಡಿದ್ದರು.

ಮರುದಿನ ಬೆಳಿಗ್ಗೆ ಮಂಜು ಇನ್ನೂ ಹೆಚ್ಚು. ಘಾಜಿಯಾಬಾದಿನಿಂದ ಮೆಟ್ರೋ ಹಿಡಿದು ಬಂದ ಮಾಚಮ್ಮನವರ ಒಂದು ಹೆಗಲಲ್ಲಿ ಕ್ಯಾಮೆರಾ ಚೀಲ, ಇನ್ನೊಂದು ಕೈಯಲ್ಲಿ ಸ್ಟೀಲಿನ ಡಬ್ಬಿ. ಕಿಶನ್ ಆ ಯುವಕನನ್ನು ಮಲಗಿಸಿದ ತಳ್ಳುಗಾಡಿಯನ್ನು ಮತ್ತೆ ಹೊರಗೆ ತಂದು ನಿಲ್ಲಿಸುತ್ತಾನೆ. ಮತ್ತೆ ಬಿಸಿನೀರು, ಬಟ್ಟೆ, ಬಾಚಣಿಗೆ. ಹೊರಗಿನ ಚಳಿಗೆ ತಣ್ಣಗಾದ ಹೊಸ ಗಾಜಿನ ಮೇಲೆ ಬಿಸಿನೀರಿನ ಹಬೆ ಕಟ್ಟಬಾರದೆಂದು ಲೆನ್ಸಿಗೆ ಒಂದಿಷ್ಟು ಹೊತ್ತು ಆ ಕೋಣೆಯ ಗಾಳಿ ಅಭ್ಯಾಸ ಮಾಡಿಸುತ್ತಾರೆ. ಆಮೇಲೆ ಸ್ಟೂಲು ಹತ್ತುತ್ತಾರೆ. ಮೊನ್ನೆ ಜಾರಿದ್ದು ನೆನಪಾಗಿ ನಾನು ಸ್ಟೂಲಿನ ಕಾಲು ಹಿಡಿದು ನಿಲ್ಲುತ್ತೇನೆ. ಅವರಿಗೆ ಅರವತ್ತು ಹತ್ತಿರ.

ಎದುರಿನಿಂದ ಒಂದು ಫೋಟೋ. ಇಳಿದು, ಗೋಡೆಗೆ ಬೆನ್ನು ಹಚ್ಚಿ, ಪಕ್ಕದಿಂದ ಇನ್ನೊಂದು.

ಪರದೆಯ ಮೇಲೆ ಬಂದ ಮುಖವನ್ನು ನಾನೂ ನೋಡಿದೆ. ಪೇದೆಯ ಫೋಟೋದಲ್ಲಿ ಇದ್ದದ್ದು ಒಂದು ಹೆಣ. ಇದರಲ್ಲಿ ಇದ್ದವನು ಒಬ್ಬ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ ಇರಬಹುದು. ಬೆಳೆದ ಗಡ್ಡದ ಕೆಳಗೆ ಕೆನ್ನೆ ಒಳಕ್ಕೆ ಹೋಗಿದೆ, ತುಟಿ ಸ್ವಲ್ಪ ಮುಂದೆ ಬಂದಿದೆ, ಯಾರ ಮೇಲೋ ಮುನಿಸಿಕೊಂಡವನ ಹಾಗೆ. ನನಗೆ ಅವನ ಪರಿಚಯವಿಲ್ಲ. ಆದರೂ ಇವನನ್ನು ಬಲ್ಲವರು ಅಲ್ಲವೆಂದು ಹೇಳಲಾರರು ಎಂದು ಅನ್ನಿಸಿತು.

"ಚೆನ್ನಾಗಿ ಬಂತು" ಎಂದರು ಮಾಚಮ್ಮ. ಅವರ ದನಿಯಲ್ಲಿ ಸಂತೋಷವಿರಲಿಲ್ಲ. "ನನ್ನ ಫೋಟೋ ಚೆನ್ನಾಗಿ ಬಂದರೆ ಯಾರೋ ಒಬ್ಬರು ಅಳ್ತಾರೆ. ಏನು ಮಾಡೋದು, ಕೆಲಸವೇ ಅಂಥದ್ದು."

ಈಶ್ವರಪ್ಪ ಬರುತ್ತಾರೋ ಇಲ್ಲವೋ ಎಂಬ ಅನುಮಾನ ನನಗಿತ್ತು. ಬೇವಿನ ಮರದ ಕೆಳಗೆ ಆಗಲೇ ಬಂದು ಕೂತಿದ್ದರು. ಮಾಚಮ್ಮ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಡಬ್ಬಿ ಹಿಡಿದು ಅವರ ಬಳಿ ಹೋದರು. ಬೆಂಚಿನ ಎದುರಿಗೆ ಒಂದು ಮುರಿದ ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತರು. ಡಬ್ಬಿಯ ಮುಚ್ಚಳ ತೆಗೆದರು. ಎರಡು ಅಕ್ಕಿರೊಟ್ಟಿ, ಪಕ್ಕದಲ್ಲಿ ಕುಂಬಳಕಾಯಿ ಪಲ್ಯ.

ಅವರ ಈ ಪದ್ಧತಿಯ ಬಗ್ಗೆ ಕಿಶನ್ ನನಗೆ ಮೊದಲ ದಿನವೇ ಹೇಳಿದ್ದ. ಗುರುತು ಹಿಡಿಯಲು ಬಂದವರಿಗೆ ಆಂಟೀಜೀ ಫೋಟೋ ತೋರಿಸುವ ಮುಂಚೆ ತಿನ್ನಲು ಕೊಡುತ್ತಾರೆ. ಎಲ್ಲರಿಗೂ ಅಲ್ಲ. ಹೌದೆನ್ನುತ್ತಾರೆ ಎಂದು ಅವರಿಗೆ ಅನ್ನಿಸಿದವರಿಗೆ ಮಾತ್ರ. ಮನೆಯಲ್ಲಿ ಸಾವಾದರೆ ಸಂಸ್ಕಾರ ಮುಗಿಯುವವರೆಗೆ ಒಲೆ ಹಚ್ಚುವುದಿಲ್ಲ, ಗಂಟಲಿಗೆ ನೀರೂ ಇಳಿಯುವುದಿಲ್ಲ. ಇಲ್ಲಿ ಶವಪರೀಕ್ಷೆ, ಕಾಗದಪತ್ರ, ಗಾಡಿ, ಸ್ಮಶಾನದ ಸರದಿ ಎಂದು ಎಷ್ಟು ಹೊತ್ತಾಗುವುದೋ ಹೇಳಲಾಗದು. ಹಸಿದು ಬಂದವರು ಬಾಗಿಲಲ್ಲೇ ಬಿದ್ದದ್ದನ್ನು ಅವರು ಬಹಳ ಸಲ ನೋಡಿದ್ದಾರೆ. "ಆಂಟೀಜೀ ಡಬ್ಬಿ ಬಿಚ್ಚಿದರೆ ನಾನು ಆ ಕಡೆ ನೋಡೋದೇ ಇಲ್ಲ, ಸಾಬ್" ಎಂದಿದ್ದ ಕಿಶನ್.

ಈಶ್ವರಪ್ಪ ಡಬ್ಬಿಯನ್ನು ನೋಡಿದರು. ಜೀವನವೆಲ್ಲ ಬೇರೆಯವರಿಗೆ ಬಡಿಸಿದ ಮನುಷ್ಯ. ತನಗೆ ಒಬ್ಬರು ಬಡಿಸುತ್ತಿದ್ದಾರೆಂದರೆ ಅದಕ್ಕೆ ಕಾರಣವಿರುತ್ತದೆ ಎಂದು ಅವರಿಗೆ ತಿಳಿಯದೇ?

"ಉಂಡ ಮ್ಯಾಲೆ ತೋರಸ್ತೀರೇನ್ರೀ ಅಕ್ಕಾರ?"

"ಹೂಂ. ಮೊದಲು ತಿನ್ನಿ, ಈಶ್ವರಪ್ಪನವರೇ."

ಆತ ಬೇಡವೆನ್ನುತ್ತಾರೆ, ಡಬ್ಬಿ ತಳ್ಳುತ್ತಾರೆ ಎಂದುಕೊಂಡಿದ್ದೆ. ಇಲ್ಲ. ರೊಟ್ಟಿಯ ಅಂಚನ್ನು ಸಣ್ಣಗೆ ಮುರಿದು, ಪಲ್ಯಕ್ಕೆ ಮುಟ್ಟಿಸಿ ಬಾಯಿಗಿಟ್ಟರು. ಅಗಿದರು. ಬಹಳ ಹೊತ್ತು ಅಗಿದರು. ಮತ್ತೊಂದು ಚೂರು. ಇಷ್ಟು ನಿಧಾನವಾಗಿ ಉಂಡವರನ್ನು ನಾನು ಕಂಡಿಲ್ಲ. ರೊಟ್ಟಿ ಇರುವವರೆಗೂ ತಮ್ಮ ಬದುಕಿದ್ದ. ಮಾಚಮ್ಮ ಅವಸರ ಮಾಡಲಿಲ್ಲ. ಎದುರಿಗೆ ಕೂತು, ಊಟ ಮಾಡುವವರ ಮುಖ ನೋಡುವ ಹಾಗೆ ನೋಡುತ್ತಿದ್ದರು.

"ಉಪ್ಪು ಒಂಚೂರು ಕಡಿಮಿ ಆಗೇತ್ರೀ" ಎಂದರು ಈಶ್ವರಪ್ಪ, ಎರಡನೆಯ ರೊಟ್ಟಿಯ ಕೊನೆಗೆ ಬಂದಾಗ.

"ಆಗಿರಬಹುದು. ಬೆಳಿಗ್ಗೆ ಕತ್ತಲಲ್ಲಿ ಮಾಡಿದ್ದು."

ಡಬ್ಬಿಯಲ್ಲಿ ಏನೂ ಉಳಿಯಲಿಲ್ಲ. ಆತ ಬಾಟಲಿಯ ನೀರಿನಲ್ಲಿ ಕೈ ತೊಳೆದು, ಮಫ್ಲರಿನಲ್ಲಿ ಒರೆಸಿಕೊಂಡು, ಒದ್ದೆ ಕೈಗಳನ್ನು ತೊಡೆಯ ಮೇಲಿಟ್ಟು ಕೂತರು. ಆಗ ಮಾಚಮ್ಮ ಚೀಲದಿಂದ ಕ್ಯಾಮೆರಾ ತೆಗೆದು, ಪರದೆ ಬೆಳಗಿಸಿ, ಕೈ ಚಾಚಿ ಅವರ ಎದುರಿಗೆ ಹಿಡಿದರು.

ಈ ಸಲ ಈಶ್ವರಪ್ಪ ಮೇಜನ್ನು ನೋಡಲಿಲ್ಲ, ನೋಡಲು ಮೇಜೂ ಇರಲಿಲ್ಲ. ಫೋಟೋವನ್ನು ನೋಡಿದರು. ಒಂದು ಸಲ ಕೈ ಮುಂದೆ ಬಂದು ಹಿಂದಕ್ಕೆ ಹೋಯಿತು. ಅವರು ಕಿರುಚುತ್ತಾರೆಂದು ಕಿಶನ್ ಆಗಲೇ ಬಾಗಿಲಿಗೆ ಬಂದು ನಿಂತಿದ್ದ. ಅವರು ಕಿರುಚಲಿಲ್ಲ. ಒಬ್ಬ ಅಡುಗೆಯವನು ಮತ್ತೊಬ್ಬರಿಗೆ ತನ್ನ ಮನೆಯವರ ಬಾಯಿರುಚಿ ವಿವರಿಸುವಷ್ಟು ಸಾವಕಾಶವಾಗಿ ಹೇಳಿದರು:

"ಹೌದ್ರೀ. ನಮ್ಮ ಆದರ್ಶ. ಹಸಿವಾದಾಗ ಇಂವನ ಮುಖ ಹಿಂಗಽ ಆಗತೈತ್ರೀ. ಸಣ್ಣಾಂವ ಇದ್ದಾಗಿಂದ. ತುಟಿ ಮುಂದ ಮಾಡ್ಕೊಂಡ್ ಕುಂದ್ರತಾನ, ಬಾಯಿ ಬಿಟ್ಟು ಕೇಳಾಂಗಿಲ್ಲ. ನಾನಽ ನೋಡಿ ತಾಟು ಹಾಕ್ಬೇಕು."

ಆಮೇಲೆ ಆ ಖಾಲಿ ಡಬ್ಬಿಯನ್ನು ನೋಡಿದರು. ಹಸಿದು ಸತ್ತ ತಮ್ಮ ಒಳಗೆ ಮಲಗಿರುವಾಗ ತಾನು ಈಗ ತಾನೇ ಹೊಟ್ಟೆ ತುಂಬಿಸಿಕೊಂಡೆನೆಂದು ಆಗ ಹೊಳೆಯಿತೇನೋ. ಅಲ್ಲಿಂದ ಮುಂದಿನದನ್ನು ನಾನು ಬರೆಯುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆದರ್ಶನ ಹೆಸರು ಕಾಗದಪತ್ರಗಳಲ್ಲಿ ಸೇರಿತು. ಶವಪರೀಕ್ಷೆ ಮುಗಿದ ಮೇಲೆ, ಸರ್ಕಾರದ ಗಾಡಿಯ ಬದಲು ಅವನನ್ನು ಅಣ್ಣನೂ ಮೆಸ್ಸಿನಿಂದ ಬಂದ ಜೊತೆಯವರೂ ಒಯ್ದರು. ಹೊರಡುವ ಮುಂಚೆ ಈಶ್ವರಪ್ಪ ಆ ಫೋಟೋ ಕೇಳಿದರು. ಮಾಚಮ್ಮ ಕೊಡಲಿಲ್ಲ. ನಗುತ್ತಿರುವ ಫೋಟೋ ಯಾವುದಾದರೂ ನಿಮ್ಮ ಮೊಬೈಲಿನಲ್ಲಿದ್ದರೆ ಲಕ್ಷ್ಮೀ ನಗರದ ಸ್ಟುಡಿಯೋಗೆ ತನ್ನಿ, ದೊಡ್ಡದು ಮಾಡಿಕೊಡುತ್ತೇನೆ, ಊರಿಗೆ ಅದನ್ನು ಒಯ್ಯಿರಿ ಎಂದರು. ತಾವು ತೆಗೆದ ಫೋಟೋ ಯಾರ ಮನೆಯ ಗೋಡೆಗೂ ಹೋಗಬಾರದು ಎಂಬುದು ಅವರ ಹಟ.

ಗಾಡಿ ಮಂಜಿನಲ್ಲಿ ಮರೆಯಾದ ಮೇಲೆ ಅವರು ನಲ್ಲಿಯ ಕೆಳಗೆ ಕೂತು ಬೂದಿ ಹಾಕಿ ಡಬ್ಬಿ ತಿಕ್ಕತೊಡಗಿದರು. ಇಂಥ ಲೇಖನಗಳಲ್ಲಿ ಕೊನೆಗೊಂದು ಪ್ರಶ್ನೆ ಕೇಳುವುದು ವಾಡಿಕೆ. ನಿಮಗೆ ಏನಾದರೂ ಆಸೆ ಇದೆಯೇ, ಸರ್ಕಾರದಿಂದ ಏನಾದರೂ ಆಗಬೇಕೇ ಎಂದು ನಾನೂ ಕೇಳಿದೆ. ಕೋಣೆಗೆ ಇನ್ನೊಂದು ಟ್ಯೂಬ್‌ಲೈಟ್ ಎಂದೋ, ಗಟ್ಟಿಯಾದ ಸ್ಟೂಲು ಎಂದೋ ಹೇಳಬಹುದು ಎಂದುಕೊಂಡಿದ್ದೆ.

ಅವರು ತೊಳೆದ ಡಬ್ಬಿಯನ್ನು ಬೋರಲು ಹಾಕಿ, ಒದ್ದೆ ಕೈಯನ್ನು ಶಾಲಿಗೆ ಒರೆಸಿಕೊಂಡರು.

"ದಿನಾ ಎರಡು ರೊಟ್ಟಿ ಮಾಡ್ಕೊಂಡು ಬರ್ತೇನೆ" ಎಂದರು. "ಒಂದು ದಿನ ಒಳಗೆ ಹೆಸರಿಲ್ಲದ ಮುಖ ಒಂದೂ ಇಲ್ಲದೆ, ಈ ಡಬ್ಬಿ ಬಿಚ್ಚದೆ, ತುಂಬಿದ್ದ ಹಾಗೇ ಮನೆಗೆ ವಾಪಸ್ ತಗೊಂಡು ಹೋಗಬೇಕು. ಆವತ್ತು ಆ ತಣ್ಣಗಿರೋ ರೊಟ್ಟಿ ನಾನೇ ತಿನ್ತೇನೆ."